ಪೈಪ್ ಯಾವಾಗ ಹಾಕ್ಯಾರ?

ನಮ್ಮ ಮನೆಯಲ್ಲಿ ಪಿಪಿಇ ಅಂದ್ರೆ ಒಂದೇ ಅರ್ಥ ಇತ್ತು. ಹೆಲ್ಮೆಟ್ಟು, ಗಮ್ ಬೂಟು, ಸೊಂಟಕ್ಕೆ ಕಟ್ಟೋ ಬ್ಯಾಟರಿ, ಹೆಲ್ಮೆಟ್ಟಿಗೆ ಸಿಗಿಸೋ ಲೈಟು. ಹಟ್ಟಿ ಚಿನ್ನದ ಗಣಿಯ ಕ್ಯಾಂಪಿನಲ್ಲಿ ಬೆಳೆದ ಯಾರನ್ನ ಕೇಳಿದರೂ ಇದನ್ನೇ ಹೇಳ್ತಾರೆ. ಶಿಫ್ಟಿಗೆ ಹೋಗುವ ಅಪ್ಪನಿಗೆ ಅವ್ವ ಬುತ್ತಿ ಕೊಡುತ್ತಾ, "ಎಲ್ಲಾ ಹಾಕ್ಕೊಂಡಿಯೇನು?" ಅಂತ ಕೇಳ್ತಿದ್ದದ್ದು ಈ ಪಿಪಿಇ ಬಗ್ಗೇನೇ.

ಆಮೇಲೆ ನಾನು ಎಂಬಿಎ ಮುಗಿಸಿ ಬೆಂಗಳೂರಿಗೆ ಬಂದೆ. ಮಾರತಹಳ್ಳಿ ಹತ್ತಿರದ ಒಂದು ಆಫೀಸಿನಲ್ಲಿ ಕೂತು ಅಮೆರಿಕದ ತೈಲ ಮತ್ತು ಗ್ಯಾಸ್ ಪೈಪ್‌ಲೈನ್ ಕಂಪನಿಗಳ ಬ್ಯಾಲೆನ್ಸ್ ಶೀಟನ್ನು ಎಕ್ಸೆಲ್ಲಿಗೆ ಇಳಿಸುವ ಕೆಲಸ. ಅಲ್ಲಿ ಪಿಪಿಇ ಅಂದ್ರೆ ಪ್ರಾಪರ್ಟಿ, ಪ್ಲಾಂಟ್ ಅಂಡ್ ಇಕ್ವಿಪ್‌ಮೆಂಟ್. ಒಂದು ಸಲ ಅಪ್ಪ ಬೆಂಗಳೂರಿಗೆ ಬಂದಾಗ ನಾನು ಫೋನಿನಲ್ಲಿ ಸಹೋದ್ಯೋಗಿಗೆ, "ಅವರ ಪಿಪಿಇ ಹತ್ತು ಬಿಲಿಯನ್ ಡಾಲರ್ ಇದೆ ನೋಡು" ಅಂದದ್ದು ಕೇಳಿ ಅಪ್ಪ ದಂಗಾಗಿಬಿಟ್ಟಿದ್ದ. "ಅಷ್ಟು ಬೂಟು ಯಾಕ ಬೇಕು ಅವರಿಗೆ?"

ನಕ್ಕೆ. ಆಮೇಲೆ ಅದೇ ಪಿಪಿಇ ನಮ್ಮ ಮನೆಯ ಮೂರು ಲಕ್ಷದ ನಲವತ್ತು ಸಾವಿರ ರೂಪಾಯಿ ನುಂಗಿತು. ನುಂಗಿತು ಅನ್ನೋದು ತಪ್ಪು. ನಾನೇ ಕೈಯಾರೆ ಹಾಕಿದ್ದು. ಈ ಬರಹ ಅದರ ಬಗ್ಗೆ.

ಅಪ್ಪ ಗಣಿಯೊಳಗೆ ಪೈಪ್ ಫಿಟ್ಟರ್. ಚಿನ್ನದ ಗಣಿ ಅಂದ ಕೂಡಲೇ ಜನ ಗೋಡೆಯಲ್ಲಿ ಹೊಳೆಯೋ ಚಿನ್ನ ಕಲ್ಪಿಸಿಕೊಳ್ತಾರೆ. ಒಳಗೆ ಹೋದವರಿಗೆ ಮೊದಲು ಕಾಣೋದು ಪೈಪು. ಕಲ್ಲು ಕೊರೆಯೋ ಯಂತ್ರಕ್ಕೆ ಒತ್ತಡದ ಗಾಳಿ ಬೇಕು, ಅದಕ್ಕೊಂದು ಪೈಪು. ಧೂಳು ಏಳದಂತೆ ನೀರು ಬೇಕು, ಅದಕ್ಕೊಂದು. ಕೆಳಗೆ ಸೋರಿ ನಿಂತ ನೀರನ್ನು ಮೇಲಕ್ಕೆತ್ತೋಕೆ ಇನ್ನೊಂದು. ಅದಿರು ತೆಗೆದು ಖಾಲಿಯಾದ ಜಾಗ ಕುಸಿಯಬಾರದು ಅಂತ, ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮರಳನ್ನು ನೀರಲ್ಲಿ ಕಲಸಿ ಪೈಪಿನಲ್ಲೇ ಕೆಳಕ್ಕೆ ಬಿಡ್ತಾರೆ. ಈ ಮರಳಿನ ಪೈಪು ಅಪ್ಪನ ಪಾಲಿಗೆ ದಿನದ ತಲೆನೋವು. ಮರಳು ಕಬ್ಬಿಣವನ್ನ ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತೆ. ಅದರಲ್ಲೂ ತಿರುವಿನಲ್ಲಿ, ಮತ್ತೆ ಪೈಪಿನ ತಳದಲ್ಲಿ.

"ಸವದೈತಿ" ಅನ್ನೋದು ನಮ್ಮ ಮನೆಯಲ್ಲಿ ದಿನಾ ಕೇಳ್ತಿದ್ದ ಮಾತು. ಅಕೌಂಟ್ಸಿನಲ್ಲಿ ಡಿಪ್ರಿಸಿಯೇಷನ್ನಿಗೆ ಕನ್ನಡದಲ್ಲಿ ಸವಕಳಿ ಅಂತಾರೆ. ಎರಡೂ ಒಂದೇ ಮಾತು ಅಂತ ನಾನು ಅಂದುಕೊಂಡಿದ್ದೆ. ಅಲ್ಲ.

2018ರಲ್ಲಿ ಅಪ್ಪ ರಿಟೈರ್ ಆದ. ಕ್ಯಾಂಪಿನ ಕ್ವಾರ್ಟರ್ಸ್ ಬಿಟ್ಟು ಲಿಂಗಸುಗೂರಿನಲ್ಲಿ ಮೊದಲೇ ತಗೊಂಡಿದ್ದ ಸೈಟಿನಲ್ಲಿ ಮನೆ ಕಟ್ಟಿಸಿದ. ಕೆಳಗೆ ನಾವು ಇರೋದು, ಮೇಲೊಂದು ಮಹಡಿ ಏರಿಸಿ ಬಾಡಿಗೆಗೆ ಕೊಡೋದು ಅಂತ ಲೆಕ್ಕ. ಪಿಎಫ್ ಪೆನ್ಷನ್ ತಿಂಗಳ ದಿನಸಿಗೂ ಸಾಲಲ್ಲ. ಬಾಡಿಗೆ ಬಂದ್ರೆ ಇಬ್ಬರ ಔಷಧಿ, ಕರೆಂಟು, ಹಬ್ಬ ನಡೀತಾವೆ. ಕೆಳಗಿನ ಮನೆ ಆದ ಮೇಲೆ ಕೈಯಲ್ಲಿ ಎಂಟು ಲಕ್ಷ ಉಳೀತು. ಮಹಡಿಗೆ ಅದು ಸಾಲುತ್ತಿರಲಿಲ್ಲ.

ಆಗ ನಾನು ಬಾಯಿ ಹಾಕಿದೆ. "ಅಪ್ಪಾ, ಎರಡು ವರ್ಷ ತಡಿ. ಈ ಎಂಟು ಲಕ್ಷಾನ ನಾನು ಹನ್ನೆರಡು ಮಾಡಿ ಕೊಡ್ತೀನಿ. ಆಮ್ಯಾಲೆ ಒಮ್ಮೆಲೇ ಕಟ್ಟೋಣ."

ನಾನು ಆರಿಸಿದ್ದು ಒಂದು ಪೈಪ್‌ಲೈನ್ ಕಂಪನಿಯ ಷೇರು. ಹೆಸರು ಬೇಡ. ಅವರ ಲೆಕ್ಕದಲ್ಲಿ ಒಂದು ಪೈಸೆ ಸುಳ್ಳಿರಲಿಲ್ಲ, ಓದಿದ್ದು ನಾನು ತಪ್ಪು. ದಿನಾ ಅಮೆರಿಕದ ಪೈಪ್‌ಲೈನು ನೋಡ್ತೀನಿ, ಇಲ್ಲಿಯದು ಯಾವ ದೊಡ್ಡ ವಿಷಯ ಅನ್ನೋ ಧಿಮಾಕು.

2019ರ ದಸರಾ ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಅಪ್ಪನಿಗೆ ತೋರಿಸಿದೆ. ನಾನು ಹೇಳಿದ್ದು ಇಷ್ಟು.

ಕಂಪನಿ ಒಂದು ಪೈಪ್‌ಲೈನ್ ಹಾಕುತ್ತೆ. ಪೈಪು, ಅದರ ಲೇಪನ, ಪಂಪು, ಕಂಪ್ರೆಸರ್ರು, ವಾಲ್ವು, ನಡುನಡುವೆ ಬರೋ ಸ್ಟೇಷನ್ ಕಟ್ಟಡ, ಅದನ್ನೆಲ್ಲ ಹೂಳೋ ಕೂಲಿ, ಎಲ್ಲ ಸೇರಿ ಒಂದು ಮೊತ್ತ. ಇದು ಗ್ರಾಸ್ ಬ್ಲಾಕ್. ಪ್ರತಿವರ್ಷ ಅದರಲ್ಲಿ ಸ್ವಲ್ಪ ಸ್ವಲ್ಪ ಸವಕಳಿ ಅಂತ ಕಳೀತಾ ಹೋಗ್ತಾರೆ. ಇಲ್ಲಿಯವರೆಗೆ ಕಳೆದದ್ದೆಲ್ಲ ಕೂಡಿದರೆ ಒಟ್ಟು ಸವಕಳಿ. ಗ್ರಾಸಿನಿಂದ ಅದನ್ನ ಕಳೆದರೆ ಉಳಿಯೋದೇ ನೆಟ್ ಬ್ಲಾಕ್, ಅಂದ್ರೆ ನಿವ್ವಳ ಪಿಪಿಇ.

ಎಷ್ಟು ವರ್ಷಕ್ಕೆ ಹಂಚಬೇಕು ಅನ್ನೋದಕ್ಕೆ ನಮ್ಮ ಕಂಪನಿ ಕಾಯ್ದೆಯಲ್ಲೇ ಒಂದು ಪಟ್ಟಿ ಇದೆ. 2013ರ ಕಾಯ್ದೆಯ ಎರಡನೇ ಅನುಸೂಚಿ. ಅದರಲ್ಲಿ ತೈಲ ಮತ್ತು ಗ್ಯಾಸ್ ಪೈಪ್‌ಲೈನಿನ ಆಯುಷ್ಯ 30 ವರ್ಷ. ಕೊನೆಗೆ ಗುಜರಿ ಬೆಲೆ ಅಂತ ಸಾಮಾನ್ಯವಾಗಿ ಮೂಲ ಬೆಲೆಯ 5%ಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹೀಗಾಗಿ 1,000 ಕೋಟಿಯ ಪೈಪ್‌ಲೈನ್ ಅಂದ್ರೆ 50 ಕೋಟಿ ಗುಜರಿಗೆ ಬಿಟ್ಟು, ಉಳಿದ 950 ಕೋಟಿಯನ್ನು 30 ವರ್ಷಕ್ಕೆ ಹಂಚಬೇಕು. ವರ್ಷಕ್ಕೆ ಹತ್ತಿರಹತ್ತಿರ 31 ಕೋಟಿ 67 ಲಕ್ಷ.

"ಗ್ರಾಸಿನ್ಯಾಗ ನೆಟ್ ಎಷ್ಟು ಉಳದೈತಿ ಅಂತ ನೋಡಿದ್ರ ಪೈಪಿನ ವಯಸ್ಸು ಗೊತ್ತಾಗ್ತೈತಿ. ಈ ಕಂಪನೀದು 70% ಐತಿ. ಅಂದ್ರ ಇನ್ನಾ ಹರೇದ ಪೈಪು" ಅಂದೆ. ನಮ್ಮ ಕಡೆ ಹರೇ ಅಂದ್ರೆ ಯೌವನ.

ಅಪ್ಪ ಕನ್ನಡಕ ಏರಿಸಿ ಪರದೆ ನೋಡಿದ. ಎರಡು ಪ್ರಶ್ನೆ ಕೇಳಿದ. ಮೊದಲನೇದು, "ಯವ್ವಾ, ವರ್ಷಾ 31 ಕೋಟಿ ಕಳೀತಾರಲ್ಲ, ಅದನ್ನ ಎಲ್ಲಿ ಇಟ್ಟಿರ್ತಾರ?"

"ಎಲ್ಲೂ ಇಡಂಗಿಲ್ಲಪ್ಪಾ. ಅದು ಬರೇ ಲೆಕ್ಕ."

"ಹಂಗಾರ ಪೈಪು ಹಾಳಾದಾಗ?"

"ಆಗ ರೊಕ್ಕ ಹೊಂದಿಸ್ತಾರ ಬಿಡು."

ಎರಡನೇದು, "ಈ ಪೈಪ್ ಯಾವಾಗ ಹಾಕ್ಯಾರ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಮನಸ್ಸೂ ಬರಲಿಲ್ಲ. "70% ಉಳದೈತಿ ಅಂದ ಮ್ಯಾಲೆ ಎಂಟೋ ಒಂಬತ್ತೋ ವರ್ಷ ಆಗಿರಬೇಕು. ಲೆಕ್ಕಾನೇ ಹೇಳ್ತೈತಲ್ಲ" ಅಂದೆ.

ಅಪ್ಪ ಸುಮ್ಮನಾದ. ಮಗಳು ಓದಿದಾಕೆ. ಮರುವಾರ ಬ್ಯಾಂಕಿಗೆ ಹೋಗಿ ಎಂಟು ಲಕ್ಷ ನನ್ನ ಖಾತೆಗೆ ಹಾಕಿದ.

2020ರ ಮಾರ್ಚಿನಲ್ಲಿ ಮಾರುಕಟ್ಟೆ ಬಿತ್ತು. ಎಲ್ಲರದ್ದೂ ಬಿದ್ದಿತ್ತು, ನಮ್ಮದೂ ಬಿತ್ತು. ಕೋವಿಡ್ ಅಂತ ಸಮಾಧಾನ ಮಾಡಿಕೊಂಡೆ. ವರ್ಷ ತಿರುಗೋದರಲ್ಲಿ ಮಾರುಕಟ್ಟೆ ಎದ್ದು ಕೂತಿತು, ನಮ್ಮದು ಏಳಲಿಲ್ಲ. 2021ರಲ್ಲಿ ಕಂಪನಿ ಹೇಳಿತು: ಹಳೆಯ ಲೈನಿನ ಕೆಲವು ಭಾಗ ಬದಲಿಸಬೇಕು, ಅದಕ್ಕೆ ಸಾಲ ಎತ್ತುತ್ತೇವೆ, ಸದ್ಯಕ್ಕೆ ಡಿವಿಡೆಂಡ್ ಕಡಿಮೆ. ಹಳೆಯ ಲೈನು! ನನ್ನ ಎಕ್ಸೆಲ್ಲಿನ ಪ್ರಕಾರ ಅದು ಒಂಬತ್ತು ವರ್ಷದ ಮಗು. ಹೆದರಿ ಮಾರಿದೆ. ಕೈಗೆ ಬಂದದ್ದು ನಾಲ್ಕು ಲಕ್ಷದ ಅರವತ್ತು ಸಾವಿರ.

ಆ ರಾತ್ರಿ ಮೊದಲ ಸಲ ಆ ಕಂಪನಿಯ ವಾರ್ಷಿಕ ವರದಿಯ ಟಿಪ್ಪಣಿಗಳನ್ನು ಪೂರ್ತಿ ಓದಿದೆ. ದುಡ್ಡು ಹಾಕೋ ಮುಂಚೆ ಓದಬೇಕಾದ್ದನ್ನ ದುಡ್ಡು ಹೋದ ಮೇಲೆ ಓದಿದೆ. ಪಿಪಿಇ ಲೆಕ್ಕನೀತಿಯ ಕೆಳಗೆ ಒಂದೇ ಒಂದು ವಾಕ್ಯ ಇತ್ತು. ಹೊಸ ಲೆಕ್ಕಪದ್ಧತಿಗೆ ಬದಲಾದ ದಿನ ಹಳೇ ಪುಸ್ತಕದಲ್ಲಿದ್ದ ನಿವ್ವಳ ಬೆಲೆಯನ್ನೇ ಮೂಲ ಬೆಲೆ ಅಂತ ಪರಿಗಣಿಸಿದ್ದೇವೆ, ಅನ್ನೋ ಅರ್ಥದ್ದು.

ನೀವೂ ಷೇರು ನೋಡೋರಾದ್ರೆ ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ನಮ್ಮ ದೇಶದ ದೊಡ್ಡ ಕಂಪನಿಗಳು 2016ರ ಏಪ್ರಿಲ್ 1ರಿಂದ ಇಂಡ್ ಎಎಸ್ ಅನ್ನೋ ಲೆಕ್ಕಪದ್ಧತಿಗೆ ಬಂದವು. ಹೋಲಿಕೆಗೆ ಹಿಂದಿನ ವರ್ಷವೂ ಬೇಕಾದ್ದರಿಂದ, ಬದಲಾವಣೆಯ ದಿನ ಅಂತ ಹಿಡಿದದ್ದು 2015ರ ಏಪ್ರಿಲ್ 1. ಹಳೇ ಆಸ್ತಿಯ ಇತಿಹಾಸವನ್ನೆಲ್ಲ ಕೆದಕಿ ಮತ್ತೆ ಲೆಕ್ಕ ಹಾಕೋದು ಕಷ್ಟ ಅಂತ ಒಂದು ಅನುಕೂಲ ಕೊಟ್ಟಿದ್ದರು: ಆ ದಿನ ಪುಸ್ತಕದಲ್ಲಿ ಎಷ್ಟು ನಿವ್ವಳ ಇದೆಯೋ ಅದನ್ನೇ ಹೊಸ ಮೂಲ ಬೆಲೆ ಅಂತ ಹಿಡೀಬಹುದು. ಬಹಳಷ್ಟು ಕಂಪನಿಗಳು ಹಾಗೇ ಮಾಡಿದವು. ಕಾನೂನಿನ ಪ್ರಕಾರ ಸರಿ. ನಿವ್ವಳ ಪಿಪಿಇ ಇದರಿಂದ ಒಂದು ರೂಪಾಯಿ ಕೂಡ ಬದಲಾಗಲ್ಲ. ಬದಲಾಗೋದು ಗ್ರಾಸ್ ಮತ್ತು ಒಟ್ಟು ಸವಕಳಿ.

ಅದೇ 1,000 ಕೋಟಿಯ ಪೈಪ್‌ಲೈನ್ ತಗೊಳ್ಳಿ. 1997ರ ಏಪ್ರಿಲ್‌ನಲ್ಲಿ ಹಾಕಿದ್ದು ಅಂತಿಟ್ಟುಕೊಳ್ಳಿ. 2015ಕ್ಕೆ 18 ವರ್ಷ. ಒಟ್ಟು ಸವಕಳಿ 570 ಕೋಟಿ, ನಿವ್ವಳ 430 ಕೋಟಿ. ಬದಲಾವಣೆಯ ದಿನ ಏನಾಯ್ತು? ಮೂಲ ಬೆಲೆ 430 ಕೋಟಿ, ಒಟ್ಟು ಸವಕಳಿ ಸೊನ್ನೆ. ಹದಿನೆಂಟು ವರ್ಷದ ಪೈಪು ಪುಸ್ತಕದಲ್ಲಿ ಅವತ್ತೇ ಹುಟ್ಟಿತು. ಮುಂದೆ ನಾಲ್ಕು ವರ್ಷ ಸವಕಳಿ ಕಳೆದು 2019ರ ಮಾರ್ಚಿಗೆ ಬಂದ್ರೆ ನಿವ್ವಳ ಸುಮಾರು 303 ಕೋಟಿ. 430ರಲ್ಲಿ 303 ಅಂದ್ರೆ 70%. ನಾನು ನೋಡಿದ 70% ಇದೇ! ನಿಜವಾದ ಮೂಲ ಬೆಲೆ 1,000ಕ್ಕೆ ಹೋಲಿಸಿದ್ರೆ ಅದು ಬರೀ 30%. ಪೈಪಿಗೆ ಒಂಬತ್ತಲ್ಲ, 22 ವರ್ಷ.

ಅಮೆರಿಕದ ಕಂಪನಿಗಳ ಲೆಕ್ಕದಲ್ಲಿ ಈ ತಿರುವು ಇರಲಿಲ್ಲ. ಅಲ್ಲಿ ಕಲಿತ ಸೂತ್ರವನ್ನ ಇಲ್ಲಿಗೆ ಹಾಗೇ ತಂದು ಅಂಟಿಸಿದ್ದೆ. ಅಪ್ಪ ಕೇಳಿದ ಒಂದು ಪ್ರಶ್ನೆಗೆ, ಯಾವಾಗ ಹಾಕ್ಯಾರ ಅನ್ನೋದಕ್ಕೆ ಉತ್ತರ ಹುಡುಕಿದ್ದರೆ ಸಾಕಿತ್ತು. ಕಂಪನಿಯ ವೆಬ್‌ಸೈಟಿನಲ್ಲೇ ಇತ್ತು, ಲೈನು ಶುರುವಾದ ವರ್ಷ. ಹೆಮ್ಮೆಯಿಂದ ಹಾಕಿಕೊಂಡಿದ್ದರು.

ಫೋನಿನಲ್ಲಿ ಹೇಳೋಕಾಗಲಿಲ್ಲ. ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಅವ್ವ ಕೇಳಿ ಸುಮ್ಮನೆ ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ರೊಟ್ಟಿ ಬಡೀತಾ, "ಮೂವತ್ತೈದು ವರ್ಷ ನೆಲದಾಗ ಇಳಿದು ಬಂದ ರೊಕ್ಕ ಅದು" ಅಂತ ಅಂದಳು. ಅಷ್ಟೇ.

ಅಪ್ಪ ಬೈಯಲಿಲ್ಲ. ಅದು ಇನ್ನೂ ಕಷ್ಟ. ಸಂಜೆ ಕಟ್ಟೆ ಮೇಲೆ ಕೂತು, "ಎಲ್ಲಿ ತಪ್ಪೀತು ಹೇಳು" ಅಂದ. ಶಿಫ್ಟಿನಲ್ಲಿ ಲೈನು ಒಡೆದಾಗ ಹೆಲ್ಪರ್ ಹುಡುಗನ್ನ ಹೀಗೇ ಕೇಳ್ತಿದ್ದನೇನೋ. 1997, 2015, 2019 ಅಂತ ಹಾಳೆಯಲ್ಲಿ ಬರೆದು ತೋರಿಸಿದೆ. ಪೂರ್ತಿ ಕೇಳಿ ಅಪ್ಪ ಹೇಳಿದ್ದು: "ನಾವು ಪೈಪ್ ಜೋಡಿಸಿದ ಮ್ಯಾಲೆ ಬಿಳೇ ಬಣ್ಣದಾಗ ತಿಂಗಳು, ವರ್ಷ ಬರೀತಿದ್ವಿ. ಹೊಸಾ ಸೂಪರ್‌ವೈಸರ್ ಬಂದ ಅಂತ ಆ ತಾರೀಖು ಅಳಿಸಿ ಅವತ್ತಿಂದು ಬರದ್ರ ಹೆಂಗಿರ್ತೈತಿ? ಹಂಗಾತು ಇದು."

ಇಂಡ್ ಎಎಸ್ 101 ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಅವತ್ತು ನಾವಿಬ್ಬರೂ ಬಹಳ ಹೊತ್ತು ಮಾತಾಡಿದ್ವಿ. ಪುಸ್ತಕದ ಸವಕಳಿ ಗೆರೆ ಎಳೆದಂಗೆ ನೇರ ಇಳಿಯುತ್ತೆ, ವರ್ಷಕ್ಕೆ ಇಷ್ಟು ಅಂತ. ನೆಲದೊಳಗಿನ ಸವೆತ ಹಾಗಿಲ್ಲ. ಮರಳಿನ ಪೈಪು ತಳದಲ್ಲಿ ಮೊದಲು ತೆಳ್ಳಗಾಗುತ್ತೆ ಅಂತ ಅಪ್ಪನ ಗುಂಪು ನಡುವೆ ಒಮ್ಮೆ ಬಿಚ್ಚಿ, ಪೈಪನ್ನು ತಿರುಗಿಸಿ ಮತ್ತೆ ಹಾಕ್ತಿತ್ತಂತೆ. ಸವೆದ ಭಾಗ ಮೇಲೆ, ಗಟ್ಟಿ ಭಾಗ ಕೆಳಗೆ. ಅದೇ ಪೈಪು ಇನ್ನಷ್ಟು ದಿನ ಬರುತ್ತೆ. ಯಾವಾಗ ತಿರುಗಿಸಬೇಕು ಅನ್ನೋದಕ್ಕೆ ಸ್ಪ್ಯಾನರ್‌ನಿಂದ ಬಡಿದು ಸದ್ದು ಕೇಳೋದು. ಗಟ್ಟಿ ಪೈಪಿನ ಸದ್ದೇ ಬೇರೆ, ತೆಳ್ಳಗಾದ್ದರ ಸದ್ದೇ ಬೇರೆ.

ದೊಡ್ಡ ಪೈಪ್‌ಲೈನಿನಲ್ಲೂ ಇದೇ ನಡೆಯುತ್ತೆ, ಸಲಕರಣೆ ಬೇರೆ. ಹೂತ ಪೈಪಿಗೆ ತುಕ್ಕು ಹಿಡಿಯದಂತೆ ಸಣ್ಣಗೆ ಕರೆಂಟು ಹರಿಸ್ತಾರೆ. ಒಳಗೆ ಪಿಗ್ ಅನ್ನೋ ಉಪಕರಣ ಓಡಿಸಿ ಕೊಳೆ ತೆಗೀತಾರೆ, ಗೋಡೆ ಎಲ್ಲಿ ತೆಳ್ಳಗಾಗಿದೆ ಅಂತ ಅಳೀತಾರೆ. ಹೀಗೆ ನೋಡಿಕೊಂಡ ಪೈಪು ಪುಸ್ತಕದಲ್ಲಿ ಸವೆದುಹೋದ ಮೇಲೂ ವರ್ಷಗಟ್ಟಲೆ ದುಡಿಯುತ್ತೆ. ನೋಡಿಕೊಳ್ಳದ್ದು ಪುಸ್ತಕದಲ್ಲಿ ಅರ್ಧ ಆಯುಷ್ಯ ಇದ್ದಾಗಲೇ ಸೋರುತ್ತೆ. ನಿವ್ವಳ ಪಿಪಿಇ ಕಡಿಮೆ ಇರೋದೇ ತಪ್ಪಲ್ಲ, ಹೆಚ್ಚಿರೋದೇ ಗುಣವೂ ಅಲ್ಲ.

ಇದನ್ನ ನಮ್ಮದೇ ರಾಜ್ಯದ ಉದಾಹರಣೆಯಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ನೀವು ಗಾಡಿಗೆ ಹಾಕಿಸೋ ಪೆಟ್ರೋಲು, ಡೀಸೆಲ್ಲು ಎಲ್ಲವೂ ಟ್ಯಾಂಕರಿನಲ್ಲಿ ಘಾಟಿ ಹತ್ತಿ ಬರೋದಲ್ಲ. ಮಂಗಳೂರಿನಿಂದ ಹಾಸನದ ಮೇಲೆ ದೇವನಗೊಂದಿಯ ತನಕ ಸುಮಾರು 362 ಕಿಲೋಮೀಟರ್ ಉದ್ದದ ಪೈಪ್‌ಲೈನ್ ಇದೆ. ಅದಕ್ಕಂತಲೇ 1998ರಲ್ಲಿ ಪೆಟ್ರೋನೆಟ್ ಎಂಎಚ್‌ಬಿ ಅನ್ನೋ ಕಂಪನಿ ಹುಟ್ಟಿತು, 2003ರಲ್ಲಿ ಲೈನು ಶುರುವಾಯ್ತು. ಎಚ್‌ಪಿಸಿಎಲ್ ಮತ್ತು ಓಎನ್‌ಜಿಸಿ ಅದರ ಮಾಲೀಕರು. ಇನ್ನೊಂದು ಕಡೆ ಕೊಚ್ಚಿಯಿಂದ ಮಂಗಳೂರಿಗೆ ಬಂದಿರೋ 450 ಕಿಲೋಮೀಟರಿನ ಗ್ಯಾಸ್ ಪೈಪ್‌ಲೈನ್ ಉದ್ಘಾಟನೆ ಆದದ್ದು 2021ರ ಜನವರಿ 5ಕ್ಕೆ. ಎರಡರ ನಡುವೆ ಹತ್ತಿರಹತ್ತಿರ 18 ವರ್ಷದ ಅಂತರ. ಎರಡನೇ ಅನುಸೂಚಿಯ 30 ವರ್ಷ ಹಿಡಿದ್ರೆ 2003ರ ಪೈಪು 2033ಕ್ಕೆ ಕಾಗದದ ಮೇಲೆ ಗುಜರಿ ಬೆಲೆಗೆ ಬಂದು ನಿಲ್ಲಬೇಕು. ಆದರೆ 2034ರಲ್ಲೂ ಬೆಂಗಳೂರಿಗೆ ಪೆಟ್ರೋಲು ಬೇಕು. ಅದರ ಬೆಲೆ ಇರೋದು ಕಬ್ಬಿಣದಲ್ಲಲ್ಲ, ಆ ತುದಿಯಲ್ಲಿ ರಿಫೈನರಿ, ಈ ತುದಿಯಲ್ಲಿ ಬೆಂಗಳೂರು ಇರೋದರಲ್ಲಿ.

ಪೈಪನ್ನ ಅಗೆದು ತೆಗೆದು ಮಾರಿದ್ರೆ ಎಷ್ಟು ಬರುತ್ತೆ? ಎಷ್ಟೋ ಸಲ ಅಗೆಯೋ ಖರ್ಚೂ ಹುಟ್ಟಲ್ಲ. ಹಾಗಾಗಿ "ಇವರ ನೆಟ್ ಬ್ಲಾಕ್ ಇಷ್ಟು ಕೋಟಿ, ಷೇರು ಅದಕ್ಕಿಂತ ಅಗ್ಗಕ್ಕೆ ಸಿಗ್ತಿದೆ" ಅಂತ ಯಾರಾದ್ರೂ ಹೇಳಿದ್ರೆ ಆ ಕೋಟಿ ಯಾರೋ ಕೊಡೋಕೆ ಸಿದ್ಧ ಇರೋ ಬೆಲೆ ಅಲ್ಲ ಅನ್ನೋದು ನೆನಪಿರಲಿ. ಹಿಂದೆ ಖರ್ಚಾದ ದುಡ್ಡಿನಲ್ಲಿ ಇನ್ನೂ ಖರ್ಚು ಅಂತ ಬರೆಯದೇ ಉಳಿದ ಪಾಲು ಅದು. ಅಷ್ಟೇ.

ಇದಕ್ಕೆ ಗಣಿಯವರಿಗೆ ಕೆಜಿಎಫ್‌ಗಿಂತ ದೊಡ್ಡ ಪಾಠ ಬೇಡ. ಅಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದರು. ಶಾಫ್ಟ್ ಇತ್ತು, ಯಂತ್ರ ಇತ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಅಗೆಯೋ ಖರ್ಚು ಬರೋ ಚಿನ್ನಕ್ಕಿಂತ ಹೆಚ್ಚಾದ ಮೇಲೆ ಶಾಫ್ಟ್ ಎಷ್ಟು ಗಟ್ಟಿ ಇದ್ರೇನು? ಲೆಕ್ಕದಲ್ಲಿ ಇದಕ್ಕೆ ಇಂಪೇರ್‌ಮೆಂಟ್ ಅಂತಾರೆ. ಆಸ್ತಿ ಪುಸ್ತಕದ ಬೆಲೆಯಷ್ಟು ದುಡಿಯಲ್ಲ ಅಂತ ಗೊತ್ತಾದರೆ ಆ ವ್ಯತ್ಯಾಸವನ್ನ ಒಮ್ಮೆಲೇ ನಷ್ಟ ಅಂತ ಬರೀಬೇಕು. ಹಟ್ಟಿ ಇನ್ನೂ ನಡೀತಿದೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾದ ಕಂಪನಿ 1956ರಲ್ಲಿ ಹಟ್ಟಿ ಅನ್ನೋ ಹೆಸರು ಪಡೀತು. ಅಪ್ಪನ ಜೊತೆಗಾರರ ಮಕ್ಕಳು ಈಗ ಅದೇ ಕೇಜಿನಲ್ಲಿ ಇಳೀತಾರೆ.

ಇನ್ನೊಂದು ವಿಷಯ, ನೆಲದ್ದು. ಅಪ್ಪ ಕೇಳಿದ, "ನೂರಾರು ಕಿಲೋಮೀಟರ್ ಹೊಲ ಎಲ್ಲಾ ಕಂಪನಿದಾ?" ಅಲ್ಲ. 1962ರ ಕಾಯ್ದೆಯೊಂದಿದೆ. ಅದರಲ್ಲಿ ಕಂಪನಿಗೆ ಸಿಗೋದು ಪೈಪು ಹೂಳೋ ಹಕ್ಕು ಮಾತ್ರ, ಹೊಲ ರೈತನದೇ. ಆ ಹಕ್ಕಿಗೆ ಕಾಯ್ದೆ ಹೇಳೋ ಪರಿಹಾರ ನೆಲದ ಮಾರುಕಟ್ಟೆ ಬೆಲೆಯ 10%. ಪೈಪು ಹೂತ ಮೇಲೆ ಅಲ್ಲಿ ಬೆಳೆ ತೆಗೀಬಹುದು. ಮನೆ ಕಟ್ಟೋ ಹಾಗಿಲ್ಲ, ಬಾವಿ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ. ಕಂಪನಿಯ ಪುಸ್ತಕದಲ್ಲಿ ಇದನ್ನ ಅಮೂರ್ತ ಆಸ್ತಿ ಅಂತ ಬೇರೆ ಸಾಲಿನಲ್ಲಿ ತೋರಿಸೋದುಂಟು. ಪಿಪಿಇ ಒಳಗೆ ಬರೋದು ಸ್ಟೇಷನ್ನಿಗೆ ಅಂತ ಕೊಂಡ ನೆಲ. ಸ್ವಂತ ನೆಲಕ್ಕೆ ಸವಕಳಿ ಇಲ್ಲ.

"ನೆಲಕ್ಕ ಯಾಕ ಇಲ್ಲ?" ಅಂದ ಅಪ್ಪ. ನಾನು ಮಸ್ಕಿ ತೋರಿಸಿದೆ. 1915ರಲ್ಲಿ ನಿಜಾಮರ ಕಾಲದಲ್ಲಿ ಚಿನ್ನ ಹುಡುಕ್ತಿದ್ದ ಬೀಡನ್ ಅನ್ನೋ ಗಣಿ ಎಂಜಿನಿಯರಿಗೆ ಸಿಕ್ಕದ್ದು ಅಶೋಕನ ಹೆಸರಿರೋ ಶಾಸನ. ಎರಡು ಸಾವಿರ ವರ್ಷ ದಾಟಿದರೂ ಬಂಡೆ ಅಲ್ಲೇ ಇದೆ. "ಅದಕ್ಕ ಎಷ್ಟು ವರ್ಷ ಆಯುಷ್ಯ ಅಂತ ಬರೀತಿ?" ಅಂದೆ. ಅಪ್ಪ ಅವತ್ತು ಮೊದಲ ಸಲ ನಕ್ಕ.

ಅಪ್ಪನ ಇನ್ನೊಂದು ಹಳೇ ಪ್ರಶ್ನೆ ಉಳಿದಿತ್ತಲ್ಲ, ಕಳೆದ 31 ಕೋಟಿ ಎಲ್ಲಿ ಇಡ್ತಾರೆ ಅಂತ. ಸವಕಳಿ ಅಂದ್ರೆ ಡಬ್ಬಿಗೆ ಹಾಕಿಟ್ಟ ದುಡ್ಡಲ್ಲ. ಲಾಭ ಲೆಕ್ಕ ಹಾಕುವಾಗ ಕಳೀತಾರೆ, ಆದರೆ ಆ ವರ್ಷ ಕೈಯಿಂದ ದುಡ್ಡು ಹೋಗಿರಲ್ಲ. ಆ ದುಡ್ಡನ್ನ ಸಾಲ ತೀರಿಸೋಕೆ, ಇನ್ನೊಂದು ಊರಿಗೆ ಹೊಸ ಲೈನು ಹಾಕೋಕೆ, ಡಿವಿಡೆಂಡ್ ಕೊಡೋಕೆ ಬಳಸಬಹುದು. ಹಳೇ ಪೈಪು ಬದಲಿಸೋ ದಿನ ಬಂದಾಗ ಡಬ್ಬಿ ಖಾಲಿ. ಜೊತೆಗೆ 1997ರ 1,000 ಕೋಟಿಗೆ ಇವತ್ತು ಅಷ್ಟೇ ಉದ್ದದ ಪೈಪು ಬರಲ್ಲ. ನಮ್ಮ ಕಂಪನಿಯ ಸಾಲ ಎಲ್ಲಿಂದ ಬಂತು ಅಂತ ಅವತ್ತು ಅರ್ಥವಾಯ್ತು. ಅದಕ್ಕೆ ಉತ್ತರ 2019ರಲ್ಲೇ ಅಪ್ಪ ಕೇಳಿದ ಪ್ರಶ್ನೆಯೊಳಗಿತ್ತು.

ಈಗ ನಾನು ಯಾವುದೇ ಪೈಪ್‌ಲೈನ್ ಕಂಪನಿಯ ವರದಿ ತೆರೆದಾಗ ಮಾಡೋದು ಹೀಗೆ. ಮೊದಲು ಮುಖ್ಯ ಲೈನುಗಳು ಯಾವ ವರ್ಷ ಶುರುವಾದವು ಅಂತ ಹುಡುಕ್ತೀನಿ. ಆಮೇಲೆ ಪಿಪಿಇ ಟಿಪ್ಪಣಿಗೆ ಹೋಗಿ ಮೂಲ ಬೆಲೆ ನಿಜವಾದದ್ದೋ, 2015-16ರ ಆಸುಪಾಸು ಹೊಸದಾಗಿ ಬರೆದದ್ದೋ ನೋಡ್ತೀನಿ. ಹಾಗೆ ಬರೆದಿದ್ರೆ 2015ರ ಹಿಂದಿನ ವರದಿ ತೆರೆದು ಹಳೇ ಗ್ರಾಸ್ ಬ್ಲಾಕ್ ತಗೊಳ್ತೀನಿ. ಮೂರನೇದು, ಐದಾರು ವರ್ಷದ ಸವಕಳಿ ಒಂದು ಕಡೆ, ಅಷ್ಟೇ ವರ್ಷದಲ್ಲಿ ಆಸ್ತಿ ಮೇಲೆ ಮಾಡಿದ ಖರ್ಚು ಇನ್ನೊಂದು ಕಡೆ ಇಟ್ಟು ನೋಡ್ತೀನಿ. ಖರ್ಚು ಯಾವಾಗಲೂ ಬಹಳ ಕಡಿಮೆ ಇದ್ರೆ ಯಾಕೆ ಅಂತ ಕೇಳಬೇಕು. ಹೆಚ್ಚಿದ್ದರೂ ಅದು ಹಳೇ ಲೈನಿನ ರಿಪೇರಿಗೋ, ಹೊಸ ಲೈನಿಗೋ ಅಂತ ಬೇರೆ ಮಾಡಬೇಕು. ಹೊಸ ಲೈನು ಸೇರಿದಾಗ ನಿವ್ವಳ ಏರುತ್ತೆ, ಹಳೇದರ ಮುಪ್ಪು ಅದರ ಹಿಂದೆ ಅಡಗಿಬಿಡುತ್ತೆ. ಕೊನೆಗೆ, ಪೈಪು ಎಷ್ಟು ತುಂಬಿ ಹರೀತಿದೆ, ಸಾಗಣೆ ದರ ಯಾರು ನಿಗದಿ ಮಾಡ್ತಾರೆ. ಗ್ಯಾಸ್ ಪೈಪ್‌ಲೈನಿನ ದರ ಕಂಪನಿಯ ಇಷ್ಟ ಅಲ್ಲ. ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಹಾಕಿದ ಬಂಡವಾಳದ ಮೇಲೆ ತೆರಿಗೆ ಕಳೆದು 12% ಪ್ರತಿಫಲ ಅಂತ ಲೆಕ್ಕ ಹಿಡಿದು ದರ ಕಟ್ಟುತ್ತೆ.

ಇಷ್ಟಕ್ಕೆ ಎರಡು ಸಂಜೆ ಸಾಕು. ನಾನು ಅವತ್ತು ಎರಡು ಸಂಜೆ ಉಳಿಸಿದೆ.

ಲಿಂಗಸುಗೂರಿನ ನಮ್ಮ ಮನೆಯ ಮೇಲೆ ಇವತ್ತಿಗೂ ಕಾಲಮ್ಮಿನ ಕಬ್ಬಿಣದ ಸರಳು ಆಕಾಶ ನೋಡ್ತಾ ನಿಂತಿವೆ. ಮೇಲಿನ ಮಹಡಿ ಆಗಿಲ್ಲ. ಮೂರು ಲಕ್ಷದ ನಲವತ್ತು ಸಾವಿರ ನಾನು ತಿಂಗಳು ತಿಂಗಳು ಕಳಿಸಿ ತೀರಿಸಿದೆ. ಅಪ್ಪ ಪ್ರತಿ ಕಂತನ್ನೂ ತನ್ನ ಹಳೇ ಡೈರಿಯಲ್ಲಿ ತಾರೀಖು ಹಾಕಿ ಬರಕೊಂಡ. ಬೇಡ ಅಂತ ಒಂದು ಸಲವೂ ಅನ್ನಲಿಲ್ಲ, ಅದಕ್ಕೆ ನನಗೆ ಸಮಾಧಾನ. ಆದರೆ ಅಷ್ಟರಲ್ಲಿ ಸಿಮೆಂಟು, ಕಬ್ಬಿಣ, ಗೌಂಡಿ ಕೂಲಿ ಎಲ್ಲ ಏರಿಬಿಟ್ಟಿದ್ದವು. 2019ರಲ್ಲಿ ಸಾಲದೆ ಇದ್ದದ್ದು ಈಗ ಇನ್ನೂ ಸಾಲಲ್ಲ. ಬದಲಿ ಬೆಲೆ ಅಂದ್ರೆ ಏನು ಅಂತ ಈಗ ನನಗೆ ಯಾರೂ ಹೇಳಿಕೊಡೋದು ಬೇಡ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪ ಮಾಳಿಗೆ ಮೇಲೆ ಕೂತು ಸಿಮೆಂಟನ್ನು ನೀರಲ್ಲಿ ತೆಳ್ಳಗೆ ಕಲಸಿ ಆ ಸರಳುಗಳಿಗೆ ಬಳೀತಿದ್ದ. ಪ್ರತಿವರ್ಷ ಮಳೆಗಾಲದ ಮುಂಚೆ ಬಳೀತಾನೆ. ಪಕ್ಕಕ್ಕೆ ಕೂತೆ.

"ಅಪ್ಪಾ, ಇದಕ್ಕ ನಮ್ಮ ಲೆಕ್ಕದಾಗ ಪಿಪಿಇ ಅನ್ನಂಗಿಲ್ಲ. ಕೆಲಸ ಮುಗಿದಿಲ್ಲಲ್ಲ, ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್ ಅಂತ ಬ್ಯಾರೆ ಬರೀತಾರ. ಮುಗಿಯೋತನಕ ಸವಕಳಿ ಹಾಕಂಗಿಲ್ಲ."

ಅಪ್ಪ ಬ್ರಷ್ ಡಬ್ಬಿಗೆ ಅದ್ದಿ ಮುಂದಿನ ಸರಳಿಗೆ ಕೈ ಹಾಕಿದ.

"ನೀವು ಹಾಕಂಗಿಲ್ಲ. ತುಕ್ಕು ಕೇಳಬೇಕಲ್ಲ ಯವ್ವಾ. ಆ ಇನ್ನೊಂದು ಬ್ರಷ್ ತಗೋ."